ಮಳೆಗಾಲದಲ್ಲಿ ಬಾಚಣಿಗೆಗೆ ಪೇಪರ್ ಅಂಟುದಿಲ್ಲ! ಫಿಸಿಕ್ಸ್ ಪ್ರಯೋಗ ಮಾಡಿಸುವವರು ಯಾರಾದ್ರೂ ಇದ್ರೆ ಸ್ವಲ್ಪ ಹೇಳಿ

ಉಡುಪಿ_ವಿಜ್ಞಾನ_ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಹತ್ರ ಒಂದು ಕನ್ನಡ ಮೀಡಿಯಂ ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಡುದು. ಓದಿದ್ದು ಬಯಾಲಜಿ, ಆದ್ರೆ ಫಿಸಿಕ್ಸ್ ಸಹ ನಾನೇ ಮಾಡ್ಬೇಕು, ಬೇರೆ ಯಾರಿಲ್ಲ. ನಿನ್ನೆ ಕ್ಲಾಸಲ್ಲಿ ಮರ್ಯಾದೆ ಹೋಯ್ತು, ಅದನ್ನು ಹೇಳಿಯೇ ಶುರು ಮಾಡ್ತೇನೆ.

ಎಂಟನೇ ಕ್ಲಾಸಿಗೆ ಸ್ಥಿರ ವಿದ್ಯುತ್. ಖರ್ಚಿಲ್ಲದ ಪ್ರಯೋಗ ಅಲ್ವಾ ಅಂತ ಹೇಳಿ ಬಾಚಣಿಗೆ ತಗೊಂಡು ಹೋದೆ, ಪೇಪರ್ ಚೂರು ಮಾಡಿ ಮೇಜಿನ ಮೇಲೆ ಹಾಕಿದೆ, 52 ಮಕ್ಕಳು ಸುತ್ತ ನಿಂತಿದ್ದಾರೆ, ಹೊರಗೆ ಧೋ ಅಂತ ಮಳೆ. ತಲೆ ಬಾಚಿದೆ, ಬಾಚಣಿಗೆ ಹತ್ರ ಹಿಡಿದೆ, ಒಂದು ಚೂರು ಅಲ್ಲಾಡ್ಲಿಲ್ಲ. ಮತ್ತೆ ಬಾಚಿದೆ. ಇಲ್ಲ. ಹಿಂದಿನಿಂದ ಒಬ್ಬ ಹುಡುಗ "ಟೀಚರ್ ನೀವು ತಲೆಗೆ ಎಣ್ಣೆ ಹಾಕಿದ್ದೀರಾ?" ಅಂತ ಕೇಳಿದ. ಎಲ್ಲ ನಗೆ. ನಾನೂ ನಕ್ಕೆ, ಆದ್ರೆ ಆಮೇಲೆ ಎಂತ ಮಾಡಿದೆ ಗೊತ್ತುಂಟಾ, "ಪೇಪರ್ ಅಂಟಬೇಕಿತ್ತು, ಅಂಟಿದೆ ಅಂತ ಬರ್ಕೊಳ್ಳಿ" ಅಂದೆ. ಅವರು ಬರ್ಕೊಂಡ್ರು. ರಾತ್ರಿ ಮಲಗಿದಾಗ ಅದೇ ಮಂಡೆಯಲ್ಲಿ ತಿರುಗ್ತಾ ಇತ್ತು, ಕಣ್ಣೆದುರು ಆಗದ್ದನ್ನು ಆಗಿದೆ ಅಂತ ಬರೆಸಿದ್ದು ನಾನೇ ಅಲ್ವಾ.

ಕೇಳ್ಲಿಕ್ಕೆ ಇರುದು ಇಷ್ಟೇ. 40 ನಿಮಿಷದ ಪೀರಿಯಡ್, 50ರ ಮೇಲೆ ಮಕ್ಕಳು, ಲ್ಯಾಬ್ ಅಂದ್ರೆ ಒಂದು ಕಬ್ಬಿಣದ ಬೀರು. ಇದರಲ್ಲಿ ನಿಜವಾಗಿ ಆಗುವ ಪ್ರಯೋಗ ಯಾವುದು? ಪುಸ್ತಕದಲ್ಲಿ ಇರುದು ಬೇಡ, ನೀವು ಕೈಯಾರೆ ಮಾಡಿ ನೋಡಿದ್ದು ಹೇಳಿ.

ಪಿಯು_ಫಿಸಿಕ್ಸ್_ಕುಡ್ಲ

ಟೀಚರ್, ತಪ್ಪು ನಿಮ್ಮದಲ್ಲ, ಜುಲೈ ತಿಂಗಳದ್ದು. ನಮ್ಮ ಊರಲ್ಲಿ ಮಳೆಗಾಲದ ಗಾಳಿಯಲ್ಲಿ ತೇವ 90 ಶೇಕಡದ ಹತ್ರ ಇರ್ತದೆ. ಬಾಚಣಿಗೆ ಮೇಲೆ, ಕೂದಲ ಮೇಲೆ, ಪೇಪರ್ ಮೇಲೆ ಎಲ್ಲ ಕಣ್ಣಿಗೆ ಕಾಣದ ನೀರಿನ ಪದರ ಕೂತಿರ್ತದೆ, ಉಜ್ಜಿ ಹುಟ್ಟಿದ ಚಾರ್ಜ್ ಅದರ ಮೇಲಿಂದ ಜಾರಿ ಹೋಗ್ತದೆ. ಹಪ್ಪಳ ಡಬ್ಬಿಯಿಂದ ಹೊರಗಿಟ್ರೆ ಹತ್ತು ನಿಮಿಷಕ್ಕೆ ಮೆತ್ತಗಾಗ್ತದಲ್ಲ, ಅದೇ ಕಥೆ. ಇದೇ ಪ್ರಯೋಗ ಡಿಸೆಂಬರ್ ಜನವರಿಯ ಬೆಳಿಗ್ಗೆ ಮಾಡಿ, ಅದೂ ಮೂಡಣ ಗಾಳಿ ಬೀಸುವ ದಿನ, ಚೂರುಗಳು ಹಾರಿ ಬಂದು ಅಂಟ್ತವೆ.

ಈಗಲೇ ಬೇಕಾದ್ರೆ ಬಾಚಣಿಗೆ ಬಿಡಿ, ಜ್ಯೂಸ್ ಕುಡಿಯುವ ಪ್ಲಾಸ್ಟಿಕ್ ಸ್ಟ್ರಾ ತಗೊಳ್ಳಿ. ಸ್ಟ್ರಾ, ಉಣ್ಣೆ ಬಟ್ಟೆ, ಪೇಪರ್ ಚೂರು ಮೂರನ್ನೂ ಹೇರ್ ಡ್ರೈಯರಲ್ಲಿ ಬೆಚ್ಚಗೆ ಮಾಡಿ ಕೂಡ್ಲೇ ಮಾಡ್ಬೇಕು, ಅರ್ಧ ನಿಮಿಷ ಸಿಗ್ತದೆ ನಿಮಗೆ.

ಆದ್ರೆ ನನ್ನ ಅಭಿಪ್ರಾಯ ಕೇಳಿದ್ರೆ ಆ ಎಣ್ಣೆಯ ಹುಡುಗನನ್ನು ಬಿಡ್ಬೇಡಿ. ಆ ಇಡೀ ಪೀರಿಯಡಲ್ಲಿ ಫಿಸಿಕ್ಸ್ ಮಾಡಿದ್ದು ಅವನೊಬ್ಬನೇ. "ಎಣ್ಣೆ ಇದ್ದದ್ದಕ್ಕೆ ಆಗ್ಲಿಲ್ಲ" ಅನ್ನುದು ಪರೀಕ್ಷೆ ಮಾಡಿ ನೋಡಬಹುದಾದ ಮಾತು. ಅವನಿಗೇ ಬಿಟ್ಟುಬಿಡಿ.

ಸುರತ್ಕಲ್_ಅಮ್ಮ

ನಾನು ಟೀಚರ್ ಅಲ್ಲ, ತಾಯಿ, ಬೈಬೇಡಿ. ಪ್ರಯೋಗ ಎಲ್ಲ ಚಂದ ಆದ್ರೆ ನನ್ನ ಮಗಳು ಈ ಸಲ ಹತ್ತನೇ ಕ್ಲಾಸ್. ವಿಜ್ಞಾನ ಪೇಪರಲ್ಲಿ 80 ಮಾರ್ಕ್ ಬರೆಯುದಕ್ಕೆ, 20 ಇಂಟರ್ನಲ್, ಆ 20 ಹೇಗೆ ಬರ್ತದೆ ಅಂತ ನಿಮಗೂ ಗೊತ್ತು ನಮಗೂ ಗೊತ್ತು. 2024ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೆ ಉಡುಪಿ ಫಸ್ಟ್, 2025ರಲ್ಲಿ ದಕ್ಷಿಣ ಕನ್ನಡ ಫಸ್ಟ್, ನಮ್ಮ ಎರಡು ಜಿಲ್ಲೆಯೇ ಪೈಪೋಟಿ. ಅದು ಸ್ಟ್ರಾ ಉಜ್ಜಿ ಬಂದದ್ದಲ್ಲ, ಬೆಳಿಗ್ಗೆ ಸ್ಪೆಷಲ್ ಕ್ಲಾಸು ಹಳೇ ಪ್ರಶ್ನೆಪತ್ರಿಕೆ ಮಾಡಿಸಿ ಮಾಡಿಸಿ ಬಂದದ್ದು.

ಮತ್ತೆ ಈ ಪ್ರಾಜೆಕ್ಟ್ ಅಂತ ಕೊಡ್ತಾರಲ್ಲ ಅದು ಯಾರಿಗೆ ಕೊಡುದು? ಕಳೆದ ವರ್ಷ ರಾತ್ರಿ 11 ಗಂಟೆಗೆ ಥರ್ಮೋಕೋಲ್ ಕತ್ತರಿಸಿ ಜ್ವಾಲಾಮುಖಿ ಮಾಡಿದ್ದು ನಾನು. ಅಡುಗೆ ಸೋಡಾ ವಿನೆಗರ್ ಹಾಕಿ ನೊರೆ ಬರಿಸಿದ್ದೂ ನಾನು. ಮಗಳು ನಿದ್ರೆ ಮಾಡ್ತಾ ಇದ್ಲು. ಎ ಪ್ಲಸ್ ಬಂತು, ಯಾರಿಗೆ ಬಂತು ಅಂತ ನಂಗೆ ಇವತ್ತಿಗೂ ಡೌಟ್.

ಉಡುಪಿ_ವಿಜ್ಞಾನ_ಟೀಚರ್

ಹಹ ಅಕ್ಕ ನೀವು ಹೇಳಿದ್ದು ನೂರಕ್ಕೆ ನೂರು ಸತ್ಯ. ರಿಸಲ್ಟಿನ ಮೀಟಿಂಗಲ್ಲಿ ಕೂತ್ಕೊಳ್ಳುದು ನಾವೇ. ಹಾಗಾಗಿಯೇ ದೊಡ್ಡ ಮಾಡೆಲ್ ಬೇಡ ಅಂತ ಹೇಳಿದ್ದು, ಪೀರಿಯಡಿನ ಒಳಗೆ ಮುಗಿಯುವಂಥದ್ದು ಬೇಕು.

ಕಾರ್ಕಳ_ವೈಂಡಿಂಗ್

ನಂದು ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಅಂಗಡಿ, ಫಿಸಿಕ್ಸಲ್ಲಿ ಜಸ್ಟ್ ಪಾಸ್ ಜನ ನಾನು, ಆದ್ರೂ ಒಂದು ಹೇಳ್ತೇನೆ. ನಮ್ಮ ಹತ್ರದ ಶಾಲೆಯ ಮಾಷ್ಟ್ರು ವರ್ಷಕ್ಕೊಂದು ಸಲ ಬಂದು ವೈಂಡಿಂಗ್ ತಂತಿ ಬಿಟ್ಟದ್ದು ಮಿಕ್ಕಿದ್ದು ಕೇಳಿ ತಗೊಂಡು ಹೋಗ್ತಾರೆ, ನಾನು ದುಡ್ಡು ತಗೊಳ್ಳುದಿಲ್ಲ. ಅದರಲ್ಲಿ ಮಕ್ಕಳು ಸೆಲ್ಲಿನ ಮೋಟಾರ್ ಮಾಡುದು. ಒಂದು ಸಲ ನನ್ನನ್ನೇ ಕರೆದ್ರು ಶಾಲೆಗೆ.

ಬೇಕಾದ್ದು ಎಂತ ಇಲ್ಲ: ಒಂದು ದೊಡ್ಡ ಸೆಲ್, ಎರಡು ಸೇಫ್ಟಿ ಪಿನ್, ಹಾಳಾದ ಸ್ಪೀಕರಿನ ಮ್ಯಾಗ್ನೆಟ್, ಒಂದೂವರೆ ಮೀಟರ್ ತಂತಿ 24 ಅಥವಾ 26 ಗೇಜ್, ಒಂದು ರಬ್ಬರ್ ಬ್ಯಾಂಡ್. ತಂತಿಯನ್ನು ಸೆಲ್ಲಿಗೇ ಹತ್ತು ಸುತ್ತು ಸುತ್ತಿ ರಿಂಗ್ ಮಾಡಿ, ಎರಡು ತುದಿ ಎದುರು ಬದುರು ನೇರ ಹೊರಗೆ ಬಿಡ್ಬೇಕು. ಪಿನ್ನನ್ನು ಸೆಲ್ಲಿನ ಎರಡು ಬದಿಗೆ ರಬ್ಬರ್ ಬ್ಯಾಂಡಲ್ಲಿ ಕಟ್ಟಿ, ಪಿನ್ನಿನ ಕಣ್ಣಲ್ಲಿ ರಿಂಗಿನ ತುದಿ ಕೂರಿಸಿ, ಕೆಳಗೆ ಸೆಲ್ಲಿನ ಮೇಲೆ ಮ್ಯಾಗ್ನೆಟ್.

ಈಗ ಮುಖ್ಯ ವಿಷಯ. ಆ ತಂತಿಗೆ ಎನಾಮಲ್ ಕೋಟಿಂಗ್ ಉಂಟು, ಅದನ್ನು ಕೆರೆಯದಿದ್ರೆ ಕರೆಂಟೇ ಪಾಸಾಗುದಿಲ್ಲ. ಮಕ್ಕಳು ಎಂತ ಮಾಡ್ತಾರೆ, ಎರಡೂ ತುದಿಯನ್ನು ಪೂರ್ತಿ ಸುತ್ತ ಕೆರೀತಾರೆ. ಆಗ ರಿಂಗ್ ಒಂದು ಅರ್ಧ ತಿರುಗಿ ಅಲ್ಲೇ ನಡುಗ್ತಾ ನಿಲ್ತದೆ, ಮುಂದೆ ಹೋಗ್ಲಿಕ್ಕೆ ಕೇಳುದಿಲ್ಲ. ಯಾಕಂದ್ರೆ ಅರ್ಧ ಸುತ್ತು ಮುಂದಕ್ಕೆ ತಳ್ಳಿದ ಮ್ಯಾಗ್ನೆಟ್ ಮುಂದಿನ ಅರ್ಧಕ್ಕೆ ಹಿಂದಕ್ಕೆ ತಳ್ತದೆ. ಒಂದು ತುದಿ ಪೂರ್ತಿ ಕೆರೆದು ಇನ್ನೊಂದು ತುದಿಯನ್ನು ಮೇಜಿನ ಮೇಲೆ ಮಲಗಿಸಿ ಮೇಲಿನ ಬದಿ ಮಾತ್ರ ಕೆರೀಬೇಕು. ಆಗ ಅರ್ಧ ಸುತ್ತಿಗೆ ಕರೆಂಟ್ ಇರ್ತದೆ, ಉಳಿದ ಅರ್ಧಕ್ಕೆ ಕಟ್, ತಿರುಗಿದ ರಭಸದಲ್ಲೇ ದಾಟಿ ಹೋಗ್ತದೆ. ಡಿಸಿ ಮೋಟಾರಲ್ಲಿ ಕಮ್ಯುಟೇಟರ್ ಅಂತ ಒಂದು ಭಾಗ ಅರ್ಧ ಸುತ್ತಿಗೊಮ್ಮೆ ಕರೆಂಟಿನ ದಿಕ್ಕು ತಿರುಗಿಸ್ತದೆ, ಇಲ್ಲಿ ಅದರ ಬದಲಿಗೆ ಆ ಕೆರೆಯದ ಅರ್ಧ.

ಮಾಷ್ಟ್ರು ಇದನ್ನು ಮೊದಲೇ ಹೇಳ್ಲಿಕ್ಕೆ ಹೊರಟ್ರು, ನಾನು ಬೇಡ ಸರ್ ಸ್ವಲ್ಪ ಒದ್ದಾಡ್ಲಿ ಅಂದೆ. ಅರ್ಧ ಗಂಟೆ ಒದ್ದಾಡಿದ್ರು. ಒಂದು ಹುಡುಗಿಯದ್ದು ಮಾತ್ರ ಗಿರ್ರಂತ ತಿರುಗಿತು, ಯಾಕೆ ಅಂದ್ರೆ ಅವಳು ಕೆರೆಯುದು ಬೇಜಾರಾಗಿ ಒಂದು ಬದಿಯಲ್ಲಿ ಅರ್ಧಕ್ಕೆ ಬಿಟ್ಟಿದ್ಲು! ಮತ್ತೆ ಎಲ್ಲ ಅವಳ ಮೇಜಿಗೆ ಮುಗಿಬಿದ್ದು ಅವಳದ್ದು ನೋಡಿ ನೋಡಿ ಹುಡುಕಿದ್ರು.

ಒಂದು ಜಾಗ್ರತೆ, ತಂತಿಯನ್ನು ಸೆಲ್ಲಿಗೆ ತುಂಬ ಹೊತ್ತು ಸುಮ್ಮನೆ ಹಾಗೇ ಇಡ್ಬೇಡಿ, ಕೈ ಸುಡುವಷ್ಟು ಬಿಸಿ ಆಗ್ತದೆ. ಮತ್ತೆ ಮನೆಯ ಪ್ಲಗ್ಗಿನ ಹತ್ರ ಹೋಗ್ಲೇಬಾರ್ದು ಅಂತ ಮೊದಲು ಹೇಳಿ, ಮಕ್ಕಳು ಜಾಸ್ತಿ ಸ್ಪೀಡ್ ಬೇಕು ಅಂತ ಎಂತ ಬೇಕಾದ್ರೂ ಮಾಡ್ತಾರೆ.

ಪಿಯು_ಫಿಸಿಕ್ಸ್_ಕುಡ್ಲ

ಅಣ್ಣ ನಿಮಗೆ ಜಸ್ಟ್ ಪಾಸ್ ಕೊಟ್ಟವರು ಯಾರು ಮಾರಾಯ್ರೆ. ನಮ್ಮ ಸೆಕೆಂಡ್ ಪಿಯು ಮಕ್ಕಳಿಗೆ ಕಮ್ಯುಟೇಟರ್ ಯಾಕೆ ಅಂತ ಕೇಳಿದ್ರೆ ಡೆಫಿನಿಷನ್ ಹೇಳ್ತಾರೆ, ನೀವು ಹೇಳಿದ ಹಾಗೆ ಹೇಳುವವರು ಕ್ಲಾಸಿಗೆ ಇಬ್ಬರು ಸಿಗುದಿಲ್ಲ.

ಕುಂದಾಪ್ರ_ಹುಡ್ಗ

ಹ್ವಾಯ್, ನಮ್ ಬದಿ ಪ್ರಯೋಗ ಒಂದ್ ಕೇಣಿ. ನಮ್ ಮಾಷ್ಟ್ರು ಎಲ್ರನ್ನೂ ಬಾಮಿಕಟ್ಟೆ ಹತ್ರ ಕರ್ಕಂಡ್ ಹೋದ್ರ್. ರಾಟಿ ಇದ್ರೆ ನೀರ್ ಸೇದುಕೆ ಹಗುರ ಆತ್ತಾ ಇಲ್ಯಾ ಅಂದ್ ಕೇಂಡ್ರ್. ಎಲ್ರೂ ಹಗುರ ಆತ್ತ್ ಅಂದ್ರ್. ಆಮೇಲೆ ಹಗ್ಗಕ್ಕೆ ಮೀನ್ ತೂಗು ಸ್ಪ್ರಿಂಗ್ ತಕ್ಕಡಿ ಸಿಕ್ಕ್ಸಿ ಎಳೆಸಿದ್ರ್ ಕಾಣಿ, ಎಲ್ರ್ ಬಾಯಿ ಬಂದ್!

ಉಡುಪಿ_ವಿಜ್ಞಾನ_ಟೀಚರ್

ಅಯ್ಯೋ ಅರ್ಧಕ್ಕೆ ಬಿಟ್ರಲ್ಲ, ಎಷ್ಟು ತೋರಿಸಿತು?

ಕುಂದಾಪ್ರ_ಹುಡ್ಗ

ಕೊಡಪಾನದಲ್ಲಿ ಅರ್ಧ ನೀರ್, ತೂಕ ಮಾಡಿರೆ 5 ಕೆಜಿ. ರಾಟಿ ಮೇಲ್ ಎಳೀಬೇಕಾರೆ ತಕ್ಕಡಿ ಐದೂವರೆ ತೋರ್ಸ್ತ್. ಹಗುರ ಆಪ್ದ್ ಬಿಡಿ, ಅರ್ಧ ಕೆಜಿ ಜಾಸ್ತಿ!

ಪಿಯು_ಫಿಸಿಕ್ಸ್_ಕುಡ್ಲ

ಇದು ನಂಗೆ ತುಂಬ ಇಷ್ಟದ್ದು. ಕಟ್ಟಿದ ರಾಟೆ ಒಂದೇ ಇದ್ರೆ ಬಲ ಕಮ್ಮಿ ಆಗುದಿಲ್ಲ, ಎಳೆಯುವ ದಿಕ್ಕು ಮಾತ್ರ ಬದಲಾಗ್ತದೆ. ಮೇಲಕ್ಕೆ ಎತ್ತುವ ಬದಲು ಕೆಳಕ್ಕೆ ಎಳೀತೇವೆ, ಮೈಭಾರ ಬಿಟ್ಟು ಎಳೀಬಹುದು, ಸೊಂಟ ಬಗ್ಗಿಸ್ಲಿಕ್ಕಿಲ್ಲ, ಅದಕ್ಕೆ ಹಗುರ ಅನ್ನಿಸುದು. ಆ ಅರ್ಧ ಕೆಜಿ ಜಾಸ್ತಿ ಬಂದದ್ದು ರಾಟೆಯ ತಿಕ್ಕಾಟ. ಇದಕ್ಕೆ ಇನ್ನೊಂದು ಸೇರಿಸಿ ಟೀಚರ್: ಕೊಡಪಾನವನ್ನು ಮೆಲ್ಲ ಒಂದೇ ವೇಗದಲ್ಲಿ ಇಳಿಸುವಾಗಲೂ ತಕ್ಕಡಿ ನೋಡ್ಲಿಕ್ಕೆ ಹೇಳಿ. ಆಗ ನಾಲ್ಕೂವರೆ ಹತ್ರ ತೋರಿಸ್ತದೆ, ಯಾಕಂದ್ರೆ ತಿಕ್ಕಾಟ ಈಗ ನಿಮ್ಮ ಪರವಾಗಿ ಕೆಲಸ ಮಾಡ್ತದೆ. ಎರಡರ ಸರಾಸರಿ ತೆಗೆದ್ರೆ ನಿಜವಾದ ತೂಕದ ಹತ್ರ ಬರ್ತದೆ. ಆಮೇಲೆ ರಾಟೆಗೆ ಒಂಚೂರು ಎಣ್ಣೆ ಬಿಟ್ಟು ಮತ್ತೆ ಮಾಡಿಸಿ.

ಹಾಗೆಯೇ ಅಡಕತ್ತರಿ. ಎಲೆ ಅಡಿಕೆ ತಿನ್ನುವ ಅಜ್ಜಿ ಇರುವ ಮನೆಯಲ್ಲಿ ಎಲ್ಲ ಸಿಗ್ತದೆ. ಕೀಲು ಒಂದು ತುದಿಯಲ್ಲಿ, ಅಡಿಕೆ ನಡುವೆ, ಕೈ ಇನ್ನೊಂದು ತುದಿಯಲ್ಲಿ, ಎರಡನೇ ವರ್ಗದ ಸನ್ನೆ ಅಂದ್ರೆ ಅದೇ. ಅಡಿಕೆಯನ್ನು ಕೀಲಿನ ಹತ್ರ ಇಟ್ಟು ಒಮ್ಮೆ, ತುದಿಗೆ ಇಟ್ಟು ಒಮ್ಮೆ ಕತ್ತರಿಸ್ಲಿಕ್ಕೆ ಹೇಳಿ. ಸೂತ್ರ ಬರೆಯುವ ಮೊದಲೇ ಕೈಗೆ ಗೊತ್ತಾಗ್ತದೆ. ಬೆರಳು ಮಾತ್ರ ಜಾಗ್ರತೆ.

ಬೆಂಗ್ಳೂರಲ್ಲಿರುವ_ಪುತ್ತೂರಿನವ

ಎಲ್ಲ ಸರಿ ಆದ್ರೆ 2ನೇ ದರ್ಜೆಯಿಂದ ಮೊಬೈಲ್ ನೋಡಿ ಬೆಳೆದ ಮಕ್ಕಳಿಗೆ ಈ ಬಾವಿಕಟ್ಟೆ ರಾಟೆ ಎಲ್ಲ ಯಾಕೆ? ಈಗ ಸಿಮ್ಯುಲೇಶನ್ ಇದೆ, ಫ್ರೀ ಇದೆ, ಸ್ಮಾರ್ಟ್ ಬೋರ್ಡಲ್ಲಿ ಹಾಕಿದ್ರೆ 50 ಮಕ್ಕಳಿಗೂ ಒಟ್ಟಿಗೆ ಕಾಣ್ತದೆ, ತಂತಿ ಕೆರೆಯುವ ತಲೆಬಿಸಿ ಇಲ್ಲ, ರಿಸಲ್ಟ್ ಕರೆಕ್ಟ್ ಬರ್ತದೆ. ಟೀಚರಿಗೂ ಮರ್ಯಾದೆ ಹೋಗುದಿಲ್ಲ.

ಕಾರ್ಕಳ_ವೈಂಡಿಂಗ್

ರಿಸಲ್ಟ್ ಕರೆಕ್ಟ್ ಬರ್ತದೆ ಅನ್ನುದೇ ಅಲ್ವಾ ಪ್ರಾಬ್ಲಂ. ನನ್ನ ಅಂಗಡಿಗೆ ಡಿಪ್ಲೊಮಾ ಮಾಡಿದ ಹುಡುಗರು ಕೆಲಸಕ್ಕೆ ಬರ್ತಾರೆ, ಕಂಪ್ಯೂಟರಲ್ಲಿ ಸರ್ಕ್ಯೂಟ್ ಚಂದ ಮಾಡ್ತಾರೆ, ಮೋಟಾರ್ ತಿರುಗದಿದ್ರೆ ಎಲ್ಲಿ ಕೈ ಹಾಕ್ಬೇಕು ಗೊತ್ತಿಲ್ಲ. ಲೂಸ್ ಕನೆಕ್ಷನ್ ಅಂತ ಒಂದು ಉಂಟು ಅಂತಲೇ ಗೊತ್ತಿಲ್ಲ ಅವರಿಗೆ.

ಪಿಯು_ಫಿಸಿಕ್ಸ್_ಕುಡ್ಲ

ಸಿಮ್ಯುಲೇಶನ್ ಪೂರ್ತಿ ಬೇಡ ಅಂತ ನಾನು ಹೇಳುದಿಲ್ಲ, ಕಣ್ಣಿಗೆ ಕಾಣದ ಕಾಂತ ಬಲರೇಖೆ ಎಲ್ಲ ತೋರಿಸ್ಲಿಕ್ಕೆ ಒಳ್ಳೇದೇ. ಆದ್ರೆ ಮೊಬೈಲ್ ಇದ್ರೆ ಅದನ್ನೇ ಅಳತೆಗೆ ಉಪಯೋಗಿಸಿ. ಫೈಫಾಕ್ಸ್ ಅಂತ ಒಂದು ಆ್ಯಪ್ ಉಂಟು, ಜರ್ಮನಿಯ ಆಖೆನ್ ಯೂನಿವರ್ಸಿಟಿಯವರು ಮಾಡಿದ್ದು, ಫ್ರೀ. ಅದರಲ್ಲಿ ಶಬ್ದ ಕೇಳಿದ್ರೆ ಶುರುವಾಗಿ ಮತ್ತೊಂದು ಶಬ್ದಕ್ಕೆ ನಿಲ್ಲುವ ಸ್ಟಾಪ್‌ವಾಚ್ ಇದೆ. ಎರಡು ಮೊಬೈಲನ್ನು 5 ಮೀಟರ್ ದೂರ ಇಡಿ. ಒಂದರ ಹತ್ರ ಒಬ್ಬ ಚಪ್ಪಾಳೆ ತಟ್ಟಿದ ಕೂಡ್ಲೇ ಎರಡೂ ಶುರು, ಆಮೇಲೆ ಇನ್ನೊಂದರ ಹತ್ರ ಇನ್ನೊಬ್ಬ ತಟ್ಟಿದಾಗ ಎರಡೂ ಬಂದ್. ಎರಡು ಮೊಬೈಲಿನ ಟೈಮ್ ಒಂದೇ ಇರುದಿಲ್ಲ, ಸುಮಾರು 0.029 ಸೆಕೆಂಡ್ ವ್ಯತ್ಯಾಸ ಬರ್ತದೆ, ಅದು ಶಬ್ದ ಹೋಗಿ ಬರುವ 10 ಮೀಟರಿನ ಲೆಕ್ಕ. ಭಾಗಿಸಿದ್ರೆ ಸೆಕೆಂಡಿಗೆ 345 ಮೀಟರ್ ಆಸುಪಾಸು. ನಮ್ಮ 30 ಡಿಗ್ರಿ ಸೆಕೆಯಲ್ಲಿ ನಿಜವಾದ್ದು 349. ಜಗಲಿಯಲ್ಲೇ ಮಾಡಬಹುದು, ಆದ್ರೆ ಪಕ್ಕದ ಕ್ಲಾಸಲ್ಲಿ ಬೊಬ್ಬೆ ಇರಬಾರ್ದು, ಇದ್ರೆ ಅದಕ್ಕೇ ಶುರುವಾಗ್ತದೆ.

ಮೊಬೈಲ್ ಇಲ್ಲದವರಿಗೆ ಮೇ ತಿಂಗಳ ಸಿಡಿಲು ಇದ್ದೇ ಇದೆ, ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸುದು, 3 ಸೆಕೆಂಡಿಗೆ 1 ಕಿಲೋಮೀಟರ್. ಮನೆಯ ಒಳಗೆ ಕೂತೇ ಎಣಿಸ್ಬೇಕು ಅಂತ ಹೇಳಿ ಮಾತ್ರ. ಜಾತ್ರೆಯಲ್ಲಿ ಗರ್ನಾಲು ಆಕಾಶದಲ್ಲಿ ಒಡೆದಾಗಲೂ ಅದೇ ಲೆಕ್ಕ.

ಮೂಡಬಿದ್ರಿ_ಕೋಣ

ಕಂಬಳದ ಸುದ್ದಿ ಬರ್ಲಿಲ್ಲವಲ್ಲ ಅಂತ ಕಾಯ್ತಾ ಇದ್ದೆ, ನಾನೇ ತರ್ತೇನೆ. 2020ರ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ 13.62 ಸೆಕೆಂಡಲ್ಲಿ ಓಡಿದ್ರಲ್ಲ, 100 ಮೀಟರಿಗೆ ಲೆಕ್ಕ ಹಾಕಿದ್ರೆ 9.55 ಅಂತ, ಬೋಲ್ಟ್ 9.58 ಅಂತ ಇಡೀ ದೇಶದಲ್ಲಿ ಸುದ್ದಿ. ಒಂಬತ್ತನೇ ಕ್ಲಾಸಿನ ಚಲನೆ ಪಾಠಕ್ಕೆ ಇದಕ್ಕಿಂತ ಒಳ್ಳೆ ಲೆಕ್ಕ ಬೇಕಾ.

ಪಿಯು_ಫಿಸಿಕ್ಸ್_ಕುಡ್ಲ

ಭಾರಿ ಒಳ್ಳೆ ಲೆಕ್ಕ, ಯಾಕಂದ್ರೆ ಅದರಲ್ಲಿ ಜಗಳಕ್ಕೆ ಜಾಗ ಉಂಟು. ಸರಾಸರಿ ವೇಗ ಸೆಕೆಂಡಿಗೆ 10.46 ಮೀಟರ್ ಬರ್ತದೆ, ಅಲ್ಲಿವರೆಗೆ ಎಲ್ಲರೂ ಮಾಡ್ತಾರೆ. ಆಮೇಲೆ ಕೇಳಿ: 142 ಮೀಟರಿನ ಸರಾಸರಿಯನ್ನು 100 ಮೀಟರಿಗೆ ಇಳಿಸುದು ನ್ಯಾಯವಾ? ನಿಂತಲ್ಲಿಂದ ವೇಗ ಹಿಡಿಯುವಾಗ ಹೋಗುವ ಟೈಮ್ ಉದ್ದದ ಓಟದಲ್ಲಿ ಹಂಚಿ ಹೋಗ್ತದೆ. ಬೋಲ್ಟಿನದ್ದೇ ನೋಡಿ, 200 ಮೀಟರ್ 19.19ರಲ್ಲಿ ಓಡಿದ್ದು, ತಿರುವು ಇದ್ರೂ ಅದರ ಸರಾಸರಿ 10.42, 100 ಮೀಟರಿನದ್ದು 10.44, ಹೆಚ್ಚುಕಮ್ಮಿ ಒಂದೇ, ಸುಸ್ತು ಆದ್ರೂ. ಮತ್ತೆ ಗೌಡರ ಎದುರು ಎರಡು ಕೋಣ ಎಳೀತಾ ಇದ್ದಾವೆ, ಕಾಲ ಕೆಳಗೆ ಕೆಸರು ನೀರು ಉಂಟು. ಯಾವುದು ಸಹಾಯ, ಯಾವುದು ಅಡ್ಡಿ ಅಂತ ಮಕ್ಕಳೇ ಪಟ್ಟಿ ಮಾಡ್ಲಿ. ನಮ್ಮವರನ್ನು ಕಮ್ಮಿ ಮಾಡುದಲ್ಲ ಇದು, ಹೋಲಿಕೆ ಅಂದ್ರೆ ಎಂತ ಅಂತ ಕಲಿಯುದು.

ಮೂಡಬಿದ್ರಿ_ಕೋಣ

ಆಯ್ತು ಸರ್, ಆದ್ರೆ ಬೋಲ್ಟನ್ನು ಒಂದು ಸಲ ಕೆಸರಿಗೆ ಇಳಿಸಿ ಮತ್ತೆ ಮಾತಾಡುವ.

ನಿವೃತ್ತ_ಮಾಷ್ಟ್ರು_ಕಾಪು

ಮಕ್ಕಳೇ, ಈ ಚರ್ಚೆ ಓದಿ ಖುಷಿ ಆಯ್ತು. ನನ್ನದು 30 ವರ್ಷದ ಸರ್ವಿಸ್, ಎರಡು ಮಾತು ಹೇಳ್ತೇನೆ, ಉದ್ದ ಆದ್ರೆ ಕ್ಷಮಿಸಿ.

ಕೈಯಿಂದ ಮಾಡಿ ಕಲಿಯುದು ಹೊಸದಲ್ಲ. ಮಧ್ಯಪ್ರದೇಶದ ಹೋಶಂಗಾಬಾದಿನ ಹಳ್ಳಿ ಶಾಲೆಗಳಲ್ಲಿ 1972ರಿಂದಲೇ ವಿಜ್ಞಾನವನ್ನು ಪ್ರಯೋಗದ ಮೂಲಕವೇ ಕಲಿಸಿದ್ರು, ನಿಂತದ್ದು 2002ರಲ್ಲಿ. ಪರೀಕ್ಷೆಗೆ ಪುಸ್ತಕ ತೆರೆದು ನೋಡ್ಲಿಕ್ಕೆ ಬಿಡ್ತಾ ಇದ್ರು, ಪ್ರಯೋಗದ ಪರೀಕ್ಷೆಯೂ ಇತ್ತು. ಬೆಂಕಿಕಡ್ಡಿ, ಸೈಕಲ್ ವಾಲ್ವ್ ಟ್ಯೂಬಿನಲ್ಲಿ ಆಟಿಕೆ ಮಾಡುವ ಅರವಿಂದ ಗುಪ್ತರು ಆ ಕೆಲಸದಿಂದಲೇ ಈ ಕಡೆ ತಿರುಗಿದ್ದು. ಸುರತ್ಕಲ್ ತಂಗಿ ಹೇಳಿದ ಮಾತಿಗೆ ಉತ್ತರ ಇಲ್ಲಿ ಉಂಟು: ಪರೀಕ್ಷೆ ಬದಲಾಗದೆ ಪಾಠ ಬದಲಾಗುದಿಲ್ಲ. ನಮ್ಮ ಪರೀಕ್ಷೆ ಹಾಗಿಲ್ಲ, ಹಾಗಾಗಿ ಟೀಚರ್ ಎಷ್ಟು ಒದ್ದಾಡಿದ್ರೂ ಫೆಬ್ರವರಿ ಬಂದ ಕೂಡ್ಲೇ ಬೀರು ಬೀಗ.

ಇನ್ನೊಂದು, ಕಾಪು ಲೈಟ್‌ಹೌಸ್. 1901ರಲ್ಲಿ ಕಟ್ಟಿದ್ದು, ಎತ್ತರ 27 ಮೀಟರ್. ಇದನ್ನು ಹೇಳದೆ ಮಕ್ಕಳನ್ನು ಕರ್ಕೊಂಡು ಹೋಗಿ ಒಂದು ಮೀಟರ್ ಕೋಲು, ಒಂದು ಟೇಪ್ ಕೊಟ್ಟು ನೆರಳಿನಲ್ಲಿ ಎತ್ತರ ಕಂಡುಹಿಡೀರಿ ಅಂದೆ. ಕೋಲಿನ ನೆರಳಿಗೂ ಕೋಲಿಗೂ ಇರುವ ಸಂಬಂಧವೇ ಲೈಟ್‌ಹೌಸಿಗೂ. ನಾಲ್ಕು ಗುಂಪು, ನಾಲ್ಕು ಉತ್ತರ: 24, 31, 33, ಮತ್ತೊಂದು ಗುಂಪಿನದ್ದು 58! ಜಗಳ ಶುರು. 58ರವರು ಲೈಟ್‌ಹೌಸಿನ ನೆರಳನ್ನು ಹತ್ತು ಗಂಟೆಗೆ ಅಳೆದು, ಮಧ್ಯೆ ಚರುಮುರಿ ತಿಂದು, ಕೋಲಿನ ನೆರಳನ್ನು ಹನ್ನೊಂದೂವರೆಗೆ ಅಳೆದಿದ್ರು, ಅಲ್ಲಿಗೆ ನೆರಳು ಅರ್ಧಕ್ಕೆ ಬಂದಿತ್ತು, ಸರಿ ಇದು ತಪ್ಪು. ಆದ್ರೆ 31, 33 ಯಾಕೆ ಜಾಸ್ತಿ? ಒಬ್ಬಳು ಹೇಳಿದ್ಲು, "ಸರ್ ಲೈಟ್‌ಹೌಸ್ ಬಂಡೆ ಮೇಲೆ ಉಂಟು, ನೆರಳು ಕೆಳಗೆ ಮರಳಿಗೆ ಬಿದ್ದಿದೆ, ನಾವು ಅಳೆದದ್ದು ಬಂಡೆಯನ್ನೂ ಸೇರಿಸಿ". ನಾನು ಆ ಪ್ರಶ್ನೆಯನ್ನು ಎಣಿಸಿಯೇ ಇರ್ಲಿಲ್ಲ. 27 ಅಂತ ನಾನು ಮೊದಲೇ ಹೇಳಿದ್ರೆ ಎಲ್ಲರೂ 27 ಬರೀತಿದ್ರು, ಆ ಮಾತು ಬರ್ತಾ ಇರ್ಲಿಲ್ಲ.

ಮಂಗಳೂರಿನ ಪಿಲಿಕುಳಕ್ಕೆ ಕರ್ಕೊಂಡು ಹೋಗುವವರಿಗೂ ಒಂದು ಮಾತು. ವಿಜ್ಞಾನ ಕೇಂದ್ರದಲ್ಲಿ ಮಕ್ಕಳು ಎಲ್ಲ ಬಟನ್ ಒತ್ತಿ ಓಡ್ತಾರೆ. ಒಬ್ಬೊಬ್ಬರಿಗೆ ಒಂದೊಂದೇ ಮಾಡೆಲ್ ಕೊಟ್ಟು 20 ನಿಮಿಷ ಅದರ ಎದುರೇ ನಿಲ್ಲಿಸಿ, ಚಿತ್ರ ಬಿಡಿಸಿ, ಬಸ್ಸಲ್ಲಿ ಬರುವಾಗ ಉಳಿದವರಿಗೆ ಹೇಳ್ಲಿ. ಪ್ಲಾನೆಟೇರಿಯಂ ನೋಡಿದ ಮೇಲೆ ಮಾತ್ರ ಎಂತದೂ ಕೇಳ್ಬೇಡಿ, ಅದು ಸುಮ್ಮನೆ ನೋಡ್ಲಿಕ್ಕೆ.

ಬಿಸಿಲು_ನೆರಳು

ನೆರಳು ಅಂದ್ರಲ್ಲ ಸರ್, ನಾನು ಈ ಶೂನ್ಯ ನೆರಳಿನ ದಿನದ ಹುಚ್ಚ. ಮಂಗಳೂರಿಗೆ ಏಪ್ರಿಲ್ 24 ಮಧ್ಯಾಹ್ನ 12.28, ಉಡುಪಿಗೆ ಮರುದಿನ 12.29. ಸೂರ್ಯ ಸರೀ ನೆತ್ತಿ ಮೇಲೆ, ಬಾಟ್ಲಿ ಇಟ್ರೆ ನೆರಳೇ ಇಲ್ಲ. ಎರಡು ಊರಿಗೆ ಒಂದು ದಿನ ವ್ಯತ್ಯಾಸ ಯಾಕೆ ಅಂತ ಕೇಳಿದ್ರೇ ಅಕ್ಷಾಂಶದ ಪಾಠ ಮುಗೀತದೆ. ಆದ್ರೆ ನಮ್ಮ ಗ್ರಹಚಾರ ನೋಡಿ, ಏಪ್ರಿಲಲ್ಲಿ ಶಾಲೆಗೆ ರಜೆ, ಎರಡನೇ ಸಲ ಬರುದು ಆಗಸ್ಟ್ 17, 18ಕ್ಕೆ, ಆಗ ಸೂರ್ಯ ಎಲ್ಲಿದ್ದಾನೆ ಅಂತ ಯಾರಿಗೂ ಗೊತ್ತಿಲ್ಲ. ನಾನು ರಜೆಯಲ್ಲೇ ವಾಟ್ಸಾಪಲ್ಲಿ ಮಾಡಿಸಿದೆ, ಎಲ್ಲರೂ ಮನೆ ಅಂಗಳದಲ್ಲಿ ಸ್ಟೀಲ್ ಲೋಟ ಇಟ್ಟು ಫೋಟೋ ಕಳಿಸಿದ್ರು. ಒಂದು ಫೋಟೋದಲ್ಲಿ ಲೋಟಕ್ಕೆ ನೆರಳಿಲ್ಲ, ಪಕ್ಕದಲ್ಲಿ ಬಗ್ಗಿದ ಅಜ್ಜಿಯ ನೆರಳು ಮಾತ್ರ ಉಂಟು.

2019ರ ಡಿಸೆಂಬರ್ 26ರ ಗ್ರಹಣ ನೆನಪುಂಟಾ? ಮಂಗಳೂರಲ್ಲಿ ಬಳೆ ಹಾಗೆ ಕಂಡದ್ದು, ಉಡುಪಿಯಲ್ಲಿ ಪೂರ್ತಿ ಬಳೆ ಆಗ್ಲಿಲ್ಲ. ಕನ್ನಡಕ ಸಿಗದವರಿಗೆ ನಾನು ಮಾವಿನ ಮರದ ಅಡಿಗೆ ಬನ್ನಿ ಅಂದೆ, ಎಲೆ ಸಂದಿಯ ಒಂದೊಂದು ತೂತೂ ಒಂದೊಂದು ಪಿನ್‌ಹೋಲ್ ಕ್ಯಾಮರಾ, ನೆಲದ ತುಂಬ ನೂರಾರು ಚಂದ್ರಕಲೆ. ಮನೆಯ ಒಳಗೆ ಉಪವಾಸ ಕೂತಿದ್ದ ದೊಡ್ಡಮ್ಮ ಕಿಟಕಿಯಿಂದ ಅಂಗಳ ನೋಡಿ "ಎಂತದಾ ಅದು" ಅಂತ ಕೇಳಿದ್ರು. ಅಷ್ಟು ಸಾಕು ನಂಗೆ.

ಉಡುಪಿ_ವಿಜ್ಞಾನ_ಟೀಚರ್

ಎಲ್ಲರಿಗೂ ತುಂಬ ಥ್ಯಾಂಕ್ಸ್. ಇನ್ನೊಂದು ಡೌಟ್. ಹತ್ತನೇ ಕ್ಲಾಸಿಗೆ ಓಮ್‌ನ ನಿಯಮ ಮಾಡಿಸಿದೆ, ಗ್ರಾಫ್ ನೇರ ಬರುದೇ ಇಲ್ಲ, ಬಾಗ್ತದೆ. ಟಾರ್ಚ್ ಬಲ್ಬ್ ಉಪಯೋಗಿಸಿದ್ದು. ಬೀರುವಿನ ಅಮ್ಮೀಟರಿನ ಸ್ಕ್ರೂ ಎಲ್ಲ ಹಸಿರು ಹಸಿರು.

ಪಿಯು_ಫಿಸಿಕ್ಸ್_ಕುಡ್ಲ

ಎರಡು ಕಳ್ಳರು ಒಟ್ಟಿಗೆ ಸೇರಿದ್ದಾರೆ. ಹಸಿರು ಅಂದ್ರೆ ಸಮುದ್ರದ ಉಪ್ಪು ಗಾಳಿಗೆ ಹಿತ್ತಾಳೆ ತಿಂದದ್ದು, ಅದು ರೆಸಿಸ್ಟೆನ್ಸ್ ಕೂಡಿಸ್ತದೆ, ಒಂದೊಂದು ಸಲ ಒಂದೊಂದು ರೀಡಿಂಗ್. ಮರಳು ಕಾಗದದಲ್ಲಿ ತಿಕ್ಕಿ, ಆಮೇಲೆ ಚೂರು ವ್ಯಾಸಲೀನ್ ಹಚ್ಚಿಡಿ. ಬಲ್ಬಿನದ್ದು ಬೇರೆ. ಅದರ ತಂತು ಬಿಸಿ ಆದಷ್ಟು ರೆಸಿಸ್ಟೆನ್ಸ್ ಏರ್ತದೆ, ಉರಿಯುವ ಬಲ್ಬಿಗೂ ತಣ್ಣಗಿನ ಬಲ್ಬಿಗೂ ಎಷ್ಟೋ ಪಟ್ಟು ವ್ಯತ್ಯಾಸ, ಹಾಗಾಗಿ ಗ್ರಾಫ್ ಬಾಗಲೇಬೇಕು. ನೇರ ಬೇಕಾದ್ರೆ ಹಳೇ ಇಸ್ತ್ರಿ ಪೆಟ್ಟಿಗೆಯ ನೈಕ್ರೋಮ್ ಕಾಯಿಲ್ ಒಂದು ಗೇಣು ತೆಗೆದು ಸೆಲ್ಲಿಗೆ ಹಾಕಿ, ರೀಡಿಂಗ್ ತೆಗೆದ ಕೂಡ್ಲೇ ಸ್ವಿಚ್ ಬಂದ್ ಮಾಡಿ. ನಾನಾದ್ರೆ ಎರಡನ್ನೂ ಮಾಡಿಸಿ ಎರಡು ಗ್ರಾಫನ್ನು ಅಕ್ಕಪಕ್ಕ ಗೋಡೆಗೆ ಅಂಟಿಸ್ತೇನೆ. "ಉಷ್ಣತೆ ಸ್ಥಿರವಾಗಿದ್ದಾಗ" ಅಂತ ನಿಯಮದಲ್ಲಿ ಎರಡು ಪದ ಉಂಟಲ್ಲ, ಮಕ್ಕಳು ಯಾವಾಗಲೂ ಬಿಟ್ಟು ಬರೆಯುದು ಅದನ್ನೇ, ಬಲ್ಬ್ ನೋಡಿದವರು ಬಿಡುದಿಲ್ಲ.

ಎಲ್‌ಇಡಿ ಹಾಕ್ಬೇಡಿ, ಒಂದು ಸೆಲ್ಲಿಗೆ ಅದು ಹೊತ್ತುದೇ ಇಲ್ಲ.

ಸುರತ್ಕಲ್_ಅಮ್ಮ

ಆ "ಉಷ್ಣತೆ ಸ್ಥಿರವಾಗಿದ್ದಾಗ" ಬಿಟ್ರೆ ಒಂದು ಮಾರ್ಕ್ ಹೋಗ್ತದೆ ಅಂತ ಮಗಳ ಟ್ಯೂಷನ್ ಸರ್ ಹೇಳಿದ್ದಾರೆ :) ಸರಿ, ನನ್ನ ಮನೆಯಲ್ಲಿ ಹಾಳಾದ ಇಸ್ತ್ರಿ ಪೆಟ್ಟಿಗೆ ಎರಡು ಉಂಟು, ಯಾರಿಗಾದ್ರೂ ಬೇಕಾ?

ಉಡುಪಿ_ವಿಜ್ಞಾನ_ಟೀಚರ್

ಹಳೇ ಚರ್ಚೆ ಮೇಲೆ ತಂದದ್ದಕ್ಕೆ ಕ್ಷಮಿಸಿ, ಜನವರಿ ಬಂತು, ಹೇಳದೆ ಇರ್ಲಿಕ್ಕೆ ಆಗ್ಲಿಲ್ಲ.

ಎಣ್ಣೆಯ ಹುಡುಗನಿಗೆ ಆಗಸ್ಟಲ್ಲೇ ಒಂದು ನೋಟ್‌ಬುಕ್ ಕೊಟ್ಟಿದ್ದೆ. ಪ್ರತಿ ಸೋಮವಾರ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಅದೇ ಬಾಚಣಿಗೆ, ಅದೇ 20 ಪೇಪರ್ ಚೂರು, ಹತ್ತು ಸಲ ಬಾಚುದು, ಎಷ್ಟು ಅಂಟಿತು ಅಂತ ಬರೆಯುದು. ಒಂದು ಎಣ್ಣೆ ಹಾಕಿದ ತಲೆ, ಒಂದು ಎಣ್ಣೆ ಹಾಕದ ತಲೆ. ಎಣ್ಣೆ ಹಾಕದ ತಲೆ ಹುಡುಕುದೇ ಕಷ್ಟ ಆಯ್ತಂತೆ, ಕೊನೆಗೆ ಒಬ್ಬಳನ್ನು ಒಪ್ಪಿಸಿದ್ದಾನೆ, ಅವಳು ಭಾನುವಾರ ತಲೆಗೆ ಸ್ನಾನ ಮಾಡಿ ಎಣ್ಣೆ ಹಾಕದೆ ಬರುದು. ಆಗಸ್ಟ್ ಪೂರ್ತಿ ಎರಡು ಸಾಲಲ್ಲೂ ಸೊನ್ನೆ. ಸೆಪ್ಟೆಂಬರಲ್ಲೂ ಸೊನ್ನೆಯೇ, ಒಮ್ಮೆ 1. ಯಾರಾದ್ರೂ ಬಿಟ್ಟುಬಿಡ್ತಿದ್ರು, ಅವನು ಬಿಡ್ಲಿಲ್ಲ, ಸೊನ್ನೆ ಸೊನ್ನೆ ಅಂತ ಚಂದ ಅಕ್ಷರದಲ್ಲಿ ಬರ್ಕೊಂಡು ಬಂದ. ದೀಪಾವಳಿ ಕಳೆದ ಮೇಲೆ ಎಣ್ಣೆ ಇಲ್ಲದ ಸಾಲಲ್ಲಿ 4, ಆಮೇಲೆ 7, ಡಿಸೆಂಬರ್ ಕೊನೆಗೆ 16. ಎಣ್ಣೆ ಸಾಲಲ್ಲಿ ಇವತ್ತಿಗೂ 2ರ ಮೇಲೆ ಹೋಗ್ಲಿಲ್ಲ. ಅಂದ್ರೆ ಜುಲೈಯಲ್ಲಿ ಪಿಯು ಸರ್ ಹೇಳಿದ್ದೂ ಸರಿ, ಅವನು ಹೇಳಿದ್ದೂ ಸರಿ.

ಜುಲೈಯಲ್ಲಿ ನಾನು ಸುಳ್ಳು ಬರೆಸಿದ್ದೆನಲ್ಲ, ಅದನ್ನು ಎಲ್ಲರ ನೋಟ್ಸಿನಲ್ಲಿ ಹೊಡೆಸಿ ಹಾಕಿಸಿದೆ, ಪಕ್ಕದಲ್ಲಿ ಅವನ ಟೇಬಲ್ ಬರೆಸಿದೆ.

ಈಗ ಹೊಸ ತಲೆಬಿಸಿ. ನಿನ್ನೆ ಅವನು ಬಂದು ಕೇಳ್ತಾನೆ, "ಟೀಚರ್ ಎಣ್ಣೆ ಕರೆಂಟ್ ಹೋಗ್ಲಿಕ್ಕೆ ಬಿಡುದಿಲ್ಲ ಅಂತ ನೀವೇ ಹೇಳಿದ್ದು, ಟ್ರಾನ್ಸ್‌ಫಾರ್ಮರಲ್ಲಿ ಎಣ್ಣೆ ಹಾಕ್ತಾರೆ ಅಂತಲೂ ಹೇಳಿದ್ದು. ನೀರಾದ್ರೆ ಚಾರ್ಜ್ ಜಾರಿ ಹೋಗ್ತದೆ ಸರಿ, ಎಣ್ಣೆ ಇದ್ರೆ ಚಾರ್ಜ್ ಇನ್ನೂ ಚೆನ್ನಾಗಿ ನಿಲ್ಲಬೇಕಲ್ಲ?" ನಾನು ನಾಳೆ ಹೇಳ್ತೇನೆ ಅಂದೆ. ಸರ್ ಬೇಗ ಹೇಳಿ, ನಾಳೆ ಮೂರನೇ ಪೀರಿಯಡ್.

ಪಿಯು_ಫಿಸಿಕ್ಸ್_ಕುಡ್ಲ

ಅಬ್ಬ. ಟೀಚರ್ ನಂಗೆ ಅನ್ನಿಸುದು, ಎಣ್ಣೆ ಇದ್ರೆ ಚಾರ್ಜ್ ಓಡಿ ಹೋಗುದಲ್ಲ, ಹುಟ್ಟುದೇ ಇಲ್ಲ. ಬಾಚಣಿಗೆಗೂ ಎಣ್ಣೆ, ಕೂದಲಿಗೂ ಎಣ್ಣೆ, ಎಣ್ಣೆಗೆ ಎಣ್ಣೆ ಉಜ್ಜಿದ ಹಾಗೆ ಆಗ್ತದೆ. ಚಾರ್ಜ್ ಅತ್ತಿತ್ತ ಹೋಗ್ಲಿಕ್ಕೆ ಎರಡು ಬೇರೆ ಬೇರೆ ವಸ್ತು ಒಂದಕ್ಕೊಂದು ತಾಗಬೇಕಲ್ಲ. ಆದ್ರೆ ಇದನ್ನು ಅವನಿಗೆ ಹೇಳ್ಬೇಡಿ. ಎರಡು ಒಂದೇ ತರದ ಬಾಚಣಿಗೆ ತಗೊಂಡು ಹೋಗಿ, ಎರಡನ್ನೂ ಸೋಪು ಹಾಕಿ ತೊಳೆದು ಒಣಗಿಸಿದ್ದು. ಎರಡನ್ನೂ ಆ ಹುಡುಗಿಯ ಒಣ ಕೂದಲಲ್ಲೇ ಬಾಚ್ಲಿ, ಎರಡಕ್ಕೂ ಪೇಪರ್ ಅಂಟ್ತದಾ ನೋಡ್ಲಿ. ಆಮೇಲೆ ಒಂದಕ್ಕೆ ಮಾತ್ರ ಎಣ್ಣೆ ಹಚ್ಚಿ ಮತ್ತೆ ಬಾಚ್ಲಿ.

ಉಡುಪಿ_ವಿಜ್ಞಾನ_ಟೀಚರ್

ಅವಳು ಒಂದು ಬದಿಯ ತಲೆಗಾದ್ರೂ ಎಣ್ಣೆ ತಾಗಿಸ್ಲಿಕ್ಕೆ ಒಪ್ಪುದಿಲ್ಲ ನಾಳೆ, ಸ್ಕೂಲ್ ಡೇ ಡ್ಯಾನ್ಸ್ ಪ್ರಾಕ್ಟೀಸ್ ಉಂಟು. ನೋಡುವ, ನಾನೇ ಇವತ್ತು ರಾತ್ರಿ ತಲೆಗೆ ಸ್ನಾನ ಮಾಡಿ ಎಣ್ಣೆ ಹಾಕದೆ ಹೋಗ್ತೇನೆ.